ಎಚ್‌ಐವಿ ಎಂದು ಆಸ್ಪತ್ರೆ ಕೈಬಿಟ್ಟರೆ

ಬಾಗಲಕೋಟೆ ಜಿಲ್ಲೆಯ ತುಬಚಿಯಂಥ ಹಳ್ಳಿಯಲ್ಲಿ ಹೊಟ್ಟೆನೋವು ಜೋರಾಯಿತೆಂದರೆ, ಹೆರಿಗೆ ಕಷ್ಟವಾಯಿತೆಂದರೆ ಗಾಡಿ ಮಾಡಿಕೊಂಡು ಪಟ್ಟಣದ ಆಸ್ಪತ್ರೆಗೆ ಓಡಬೇಕು. ಆಪರೇಷನ್‌ಗೆ ಮುಂಚೆ ರಕ್ತ ತೆಗೆಯುತ್ತಾರೆ. ವರದಿ ಬಂದ ಮೇಲೆ ಕೆಲವೆಡೆ ಮಾತಿನ ಧಾಟಿಯೇ ಬದಲಾಗುತ್ತದೆ. ‘ಇಲ್ಲಿ ಆಗೂದಿಲ್ರಿ, ವಿಜಯಪುರಕ್ಕ ಒಯ್ರಿ, ಇಲ್ಲಾ ಮಿರಜಿಗೆ ಹೋಗ್ರಿ.’ ಯಾಕೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೇಸ್ ಪೇಪರಿನ ಮೂಲೆಯಲ್ಲಿ ಕೆಂಪು ಶಾಯಿಯ ಗುರುತೊಂದು ಬಿದ್ದಿರುತ್ತದೆ, ಅಷ್ಟೇ.

ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ. 2003ರಲ್ಲಿ ಇಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಎಚ್‌ಐವಿ ಸೋಂಕು ಕಂಡಿತ್ತು. ಆಮೇಲೆ ಸೋಂಕು ಇಳಿದಿದೆ. ಸೋಂಕನ್ನು ಹತೋಟಿಯಲ್ಲಿಡುವ ಉಚಿತ ಎಆರ್‌ಟಿ ಮಾತ್ರೆ ಬಂದು ಜನ ಬದುಕಿ, ದುಡಿದು, ಮಕ್ಕಳ ಮದುವೆ ಮಾಡುತ್ತಿದ್ದಾರೆ. ಆದರೆ ಅವರಿಗೂ ಅಪೆಂಡಿಕ್ಸ್ ಆಗುತ್ತದೆ, ಕಾಲು ಮುರಿಯುತ್ತದೆ. ತಕರಾರು ಶುರುವಾಗುವುದು ಅಲ್ಲಿಂದ.

2017ರಲ್ಲಿ ಸಂಸತ್ತು ಒಪ್ಪಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಈ ವಿಷಯದಲ್ಲಿ ಬಹಳ ನೇರ. ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು, ನಡುವೆ ನಿಲ್ಲಿಸುವುದು, ಬೇರೆ ಥರ ನಡೆಸಿಕೊಳ್ಳುವುದು ನಿಷಿದ್ಧ. ಸರ್ಕಾರಿ ಆಸ್ಪತ್ರೆಗೂ ಖಾಸಗಿ ನರ್ಸಿಂಗ್ ಹೋಮಿಗೂ ಒಂದೇ ನಿಯಮ. ಮೊದಲು ಎಚ್‌ಐವಿ ಪರೀಕ್ಷೆ ಮಾಡಿಸಿದರೆ ಮಾತ್ರ ಚಿಕಿತ್ಸೆ ಎನ್ನುವಂತಿಲ್ಲ. ಪರೀಕ್ಷೆಗೆ ರೋಗಿಯ ಒಪ್ಪಿಗೆ ಬೇಕು, ಮೊದಲೂ ಆಮೇಲೂ ಸಮಾಲೋಚನೆ ಆಗಬೇಕು. ಗರ್ಭಿಣಿಗೆ ಸೋಂಕಿದೆಯೆಂದು ಅವಳನ್ನು ಕೇಳದೆ ಗರ್ಭಪಾತವನ್ನಾಗಲಿ, ಸಂತಾನಹರಣ ಶಸ್ತ್ರಚಿಕಿತ್ಸೆಯನ್ನಾಗಲಿ ಮಾಡುವಂತಿಲ್ಲ.

ಊರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಗುಟ್ಟಿನ ಪ್ರಶ್ನೆ. ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ ಆಸ್ಪತ್ರೆಯವರು ವಿಷಯವನ್ನು ಹೊರಗೆ ಹೇಳಬಾರದು. ಚಿಕಿತ್ಸೆಗೆ ಅಗತ್ಯವಿದ್ದಾಗ ಇನ್ನೊಬ್ಬ ವೈದ್ಯರಿಗೆ ತಿಳಿಸಬಹುದು. ಗಂಡನಿಗೋ ಹೆಂಡತಿಗೋ ಅಪಾಯವಿದ್ದರೆ, ರೋಗಿಗೆ ತಿಳಿಹೇಳಿ, ಮುನ್ಸೂಚನೆ ಕೊಟ್ಟು, ಆಮೇಲೆ ವೈದ್ಯರೋ ಸಮಾಲೋಚಕರೋ ಹೇಳಬಹುದು. ಆದರೆ ಹಾಗೆ ಹೇಳಿದರೆ ಹೆಣ್ಣುಮಗಳಿಗೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಹಾಕುತ್ತಾರೆ ಎಂಬ ಭಯವಿದ್ದರೆ ಹೇಳಬಾರದು. ವಾರ್ಡಿನಲ್ಲಿ ಎಲ್ಲರಿಗೂ ಕಾಣುವಂತೆ ಮಂಚಕ್ಕೆ ಚೀಟಿ ಅಂಟಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ವೈದ್ಯರ, ನರ್ಸಮ್ಮನವರ ಅಂಜಿಕೆ ಸುಳ್ಳೆಂದು ನಾನು ಹೇಳಲಾರೆ. ಅದಕ್ಕೂ ಕಾಯ್ದೆಯಲ್ಲಿ ಉತ್ತರವಿದೆ: ಕೈಗವಸು ಮೊದಲಾದ ರಕ್ಷಣೆ, ಸೂಜಿ ಚುಚ್ಚಿದರೆ 72 ಗಂಟೆಯೊಳಗೆ ಶುರುಮಾಡುವ ತಡೆಮಾತ್ರೆ ಇವನ್ನು ಸಿಬ್ಬಂದಿಗೆ ಒದಗಿಸುವುದು ಸಂಸ್ಥೆಯ ಹೊಣೆ. ಆ ಹೊಣೆಯನ್ನು ರೋಗಿಯ ತಲೆಗೆ ಕಟ್ಟಬಾರದು.

ಹಾಗಾದರೆ ಮಾಡುವುದೇನು? ಬಾಯಿಮಾತಿನ ನಿರಾಕರಣೆಗೆ ಸಾಕ್ಷಿ ಇರುವುದಿಲ್ಲ. ಅದಕ್ಕೇ ‘ಸಾಹೇಬ್ರ, ಯಾಕ ಕಳಸಾಕತ್ತೀರಿ ಅಂತ ಚೀಟಿ ಮ್ಯಾಲ ಬರದ ಕೊಡ್ರಿ’ ಎಂದು ಕೇಳಿ. ಐಸಿಯು ಇಲ್ಲ, ತಜ್ಞರಿಲ್ಲ ಎಂಬ ನಿಜವಾದ ಕಾರಣವಿದ್ದರೆ ಬರೆದುಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಅಂಥ ರೆಫರಲ್ ತಪ್ಪೂ ಅಲ್ಲ. ಕೊಡದಿದ್ದರೆ ದಿನಾಂಕ, ಸಮಯ, ಮಾತಾಡಿದವರ ಹೆಸರು ನೀವೇ ಬರೆದಿಟ್ಟುಕೊಳ್ಳಿ. ಕೇಸ್ ಪೇಪರಿನ ನಕಲಿಗೆ ಅರ್ಜಿ ಕೊಡಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯರ ವೃತ್ತಿ ನಿಯಮ. ಜೀವಕ್ಕೇ ಅಪಾಯವಿದ್ದಾಗಲಂತೂ ತುರ್ತು ಚಿಕಿತ್ಸೆ ಕೊಡುವುದು ಸರ್ಕಾರಿ, ಖಾಸಗಿ ವೈದ್ಯರೆಲ್ಲರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ.

ಎಚ್‌ಐವಿ ಕಾಯ್ದೆಯ ಪ್ರಕಾರ 20 ಅಥವಾ ಹೆಚ್ಚು ಸಿಬ್ಬಂದಿಯಿರುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಬೇಕು. ಮೊದಲ ದೂರು ಅಲ್ಲಿಗೆ. ಅದರ ಮೇಲೆ, ಇಂಥ ದೂರು ವಿಚಾರಿಸಲು ನೇಮಕವಾಗುವ ರಾಜ್ಯದ ಒಂಬುಡ್ಸ್‌ಮನ್. ದೂರು ಯಾರು ಬೇಕಾದರೂ ಕೊಡಬಹುದು. 30 ದಿನದಲ್ಲಿ, ತುರ್ತು ಚಿಕಿತ್ಸೆಯ ವಿಷಯವಾದರೆ ಸಾಧ್ಯವಾದಷ್ಟು 24 ಗಂಟೆಯೊಳಗೆ ಒಂಬುಡ್ಸ್‌ಮನ್ ಆದೇಶ ಆಗಬೇಕು. ಪಾಲಿಸದವರಿಗೆ 10,000 ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ ಇನ್ನೂ 5,000ದವರೆಗೆ. ಮಿರಜಿನ ಆಸ್ಪತ್ರೆಯ ಮೇಲಿನ ದೂರು ಮಹಾರಾಷ್ಟ್ರದ ಒಂಬುಡ್ಸ್‌ಮನ್‌ಗೆ ಹೋಗಬೇಕು. ಕಾಯ್ದೆ ಕೇಂದ್ರದ್ದು, ಗಡಿ ದಾಟಿದರೂ ಅದೇ. ಕರ್ನಾಟಕದ ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೂ ಬರೆಯಬಹುದು.

ಕೋರ್ಟಿಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಹಿಂಜರಿಯಬೇಡಿ. ಅಗತ್ಯವಿದ್ದರೆ ಹೆಸರು ಮರೆಮಾಡಿ, ಬಾಗಿಲು ಮುಚ್ಚಿ ವಿಚಾರಣೆ ನಡೆಸಲು ಅವಕಾಶವಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಎಚ್‌ಐವಿ ಬಗ್ಗೆ ಕೇಳುವುದಿದ್ದರೆ 1097.