ಗೋಡೆ ಬೀಳದ ನಷ್ಟ

2019ರ ಆಗಸ್ಟ್‌ನಲ್ಲಿ ಗಜೇಂದ್ರಗಡದ ನಮ್ಮ ಪುಟ್ಟ ಲಾಡ್ಜಿನೊಳಗೆ ಹನಿ ನೀರೂ ನುಗ್ಗಲಿಲ್ಲ. ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ, ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿ ಕಡೆಯ ಮಂದಿ ಮನೆ ಬಿಟ್ಟು ಎತ್ತರದ ಜಾಗ ಹುಡುಕುತ್ತಿದ್ದರು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ಹೊಳೆ ನಿಂತಿತ್ತು. ನಾವು ಗುಡ್ಡದ ಮಗ್ಗುಲಿನವರು, ಬಚಾವಾದೆವು. ಆದರೆ ಸೂಡಿಯ ನಾಗಕುಂಡ ನೋಡಿ, ರಾತ್ರಿ ನಮ್ಮಲ್ಲಿ ತಂಗಿ, ಬೆಳಗ್ಗೆ ಬಾದಾಮಿಗೆ ಹೊರಡುತ್ತಿದ್ದ ಗಿರಾಕಿಗಳು ಬರುವುದೇ ನಿಂತಿತು. ಅಡುಗೆಯವರ ಪಗಾರ, ಕರೆಂಟ್ ಬಿಲ್ಲು, ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. ವಿಮೆ ಇದೆಯಲ್ಲ ಎಂದು ಏಜೆಂಟರಿಗೆ ಫೋನ್ ಹಚ್ಚಿದರೆ ಅವರು ಕೇಳಿದ್ದು ಒಂದೇ ಮಾತು: “ಗ್ವಾಡಿ ಬಿದ್ದಾವೇನ್ರೀ?” ಇಲ್ಲ ಅಂದೆ. “ಹಂಗಾದ್ರ ಏನೂ ಬರೂದಿಲ್ರಿ.”

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಕಟ್ಟಡ, ಸಾಮಾನುಗಳ ವಿಮೆ ಕೊಡುವುದು ಮುರಿದದ್ದಕ್ಕೆ, ಸುಟ್ಟದ್ದಕ್ಕೆ, ಕೊಚ್ಚಿಹೋದದ್ದಕ್ಕೆ. ಲಾಭನಷ್ಟದ ವಿಮೆ ಎಂಬುದು ಬೇರೆಯೇ ಇದೆ. ಆದರೆ ಅದೂ ಸಾಮಾನ್ಯವಾಗಿ ನಮ್ಮದೇ ಕಟ್ಟಡಕ್ಕೆ ಹಾನಿಯಾಗಿ ಬಾಗಿಲು ಮುಚ್ಚಿದರೆ ಮಾತ್ರ ಬಾಯಿ ಬಿಡುತ್ತದೆ. ಮೂವತ್ತು ಮೈಲಿ ಆಚೆ ರಸ್ತೆ ಮುಳುಗಿ ನಮ್ಮ ಕೋಣೆ ಖಾಲಿಯಾದರೆ ಯಾರ ಜವಾಬ್ದಾರಿಯೂ ಅಲ್ಲ. ಆ ಗಾಯ ಮಾಯುವಷ್ಟರಲ್ಲಿ ಮರುವರ್ಷ ಮಾರ್ಚ್ 25ರಂದು, ಯುಗಾದಿಯ ದಿನವೇ, ಕೊರೊನಾಕ್ಕೆ ಹೆದರಿ ಇಡೀ ದೇಶ ಬೀಗ ಹಾಕಿಕೊಂಡಿತು. ಕಾಲಕಾಲೇಶ್ವರನ ಜಾತ್ರೆಯ ಮಂದಿಯನ್ನು ನಂಬಿ ವರ್ಷ ದೂಡುವ ಖಾನಾವಳಿಗಳು ಒಲೆ ಆರಿಸಿದವು. ಆಗಲೂ ಗೋಡೆ ಬಿದ್ದಿರಲಿಲ್ಲ.

ಪ್ರವಾಸಿಗರನ್ನು ನಂಬಿದ ನಮ್ಮಂಥವರಿಗೆ ದೊಡ್ಡ ಅಪಾಯ ಬೆಂಕಿಯಲ್ಲ, ಖಾಲಿ ದಿನಗಳು. ಅದನ್ನು ಯಾವ ಕಂಪನಿಗೂ ಸುಲಭವಾಗಿ ದಾಟಿಸಲಾಗದು, ನಾವೇ ಹೊರಬೇಕು. ನಮ್ಮ ಎರೆಭೂಮಿಯ ಹಿರಿಯರು ಬರಗಾಲಕ್ಕೆಂದು ನೆಲದೊಳಗಿನ ಹಗೇವಿನಲ್ಲಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ನನ್ನ ಹಗೇವು ಒಂದು ಬೇರೆ ಬ್ಯಾಂಕ್ ಖಾತೆ. ದಸರೆಯಿಂದ ಚೈತ್ರದವರೆಗಿನ ಸೀಜನ್ನಿನಲ್ಲಿ ಬಂದದ್ದರಲ್ಲಿ ಒಂದು ಪಾಲು ಅಲ್ಲಿಗೆ ಹೋಗುತ್ತದೆ. ಗಿರಾಕಿ ಬರಲಿ ಬಿಡಲಿ ತಪ್ಪದ ಖರ್ಚು ಮೂರು ತಿಂಗಳು ನಡೆಯುವಷ್ಟು ಅಲ್ಲಿರಬೇಕು ಎಂಬುದು ನನ್ನ ಲೆಕ್ಕ. ಅದಕ್ಕೆ ಎಟಿಎಂ ಕಾರ್ಡು ತೆಗೆದುಕೊಂಡಿಲ್ಲ, ಮನೆಯಲ್ಲಿ ಮದುವೆ ಬಂದರೂ ಮುಟ್ಟುವಂತಿಲ್ಲ.

ಉಳಿದ ಅಪಾಯಗಳನ್ನು ವಿಮಾ ಕಂಪನಿಗೆ ಒಪ್ಪಿಸಬಹುದು, ಒಪ್ಪಿಸಲೇಬೇಕು. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಎಂಬ ಒಂದೇ ನಮೂನೆಯ ಪಾಲಿಸಿ ಇದೆ. ಒಂದು ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ಅದು ಸಾಕು, ಅಂದರೆ ನಮ್ಮಂಥ ಎಲ್ಲರಿಗೂ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ ಮಾತ್ರವಲ್ಲ, ನೆಲ ಕುಸಿತವೂ ಅದರಲ್ಲಿ ಸೇರಿದೆ. ನರಗುಂದದವರು ಈ ಕೊನೆಯ ಮಾತನ್ನು ಗಮನಿಸಬೇಕು. ಅಲ್ಲಿನ ಹಳೆಯ ಓಣಿಗಳಲ್ಲಿ ಮನೆಯೊಳಗೇ ನೆಲ ಬಾಯಿ ಬಿಟ್ಟದ್ದಕ್ಕೆ ಮುಚ್ಚಿಹೋದ ಹಗೇವುಗಳು, ಮೇಲೇರಿದ ಅಂತರ್ಜಲ ಕಾರಣವೆಂದು ಹೇಳುತ್ತಾರೆ. ಆದರೆ ಕಟ್ಟಡ ತಾನಾಗಿ ಕೂತು ಬಿಟ್ಟ ಸಣ್ಣ ಬಿರುಕಿಗೆ ರೊಕ್ಕ ಸಿಗದು. ಕಳ್ಳತನಕ್ಕೆ ಪಾಲಿಸಿ ಬೇರೆ. ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ ಅತಿಥಿ ಪರಿಹಾರ ಕೇಳಿದರೆ ಅದಕ್ಕೂ ಬೇರೆ.

ಮೊತ್ತದಲ್ಲಿ ಜಿಪುಣತನ ಮಾಡಿದರೆ ಏನಾಗುತ್ತದೆ ನೋಡಿ. ಎಷ್ಟೋ ಸಲ ವಿಮೆ ಆಗಿರುವುದು ಸಾಲದ ಮೊತ್ತಕ್ಕೆ, ಆಸ್ತಿಯ ಬೆಲೆಗಲ್ಲ. 20 ಲಕ್ಷದ ಆಸ್ತಿಗೆ 12 ಲಕ್ಷದ ವಿಮೆ ಇದ್ದು, ನೆರೆಯಲ್ಲಿ 5 ಲಕ್ಷ ಹಾಳಾಯಿತೆನ್ನಿ. ವಿಮೆ 12 ಲಕ್ಷಕ್ಕೆ ಇದೆ, 5 ಲಕ್ಷ ಪೂರ್ತಿ ಬಂದೀತು ಎಂದುಕೊಂಡರೆ ಕೈಗೆ ಬರುವುದು 3 ಲಕ್ಷ. ವಿಮೆ ಎಷ್ಟು ಪಾಲಿಗೆ ಇದೆಯೋ ನಷ್ಟವನ್ನೂ ಅಷ್ಟೇ ಪಾಲು ತುಂಬಿಕೊಡುತ್ತಾರೆ. ಕೊರತೆ ಶೇ 15ರ ಒಳಗಿದ್ದರೆ ಮಾತ್ರ ಈ ಕಡಿತ ಇಲ್ಲ. ಸಿಮೆಂಟು, ಕಬ್ಬಿಣ, ಗಾರೆಯವರ ಕೂಲಿ ಏರುತ್ತಲೇ ಇರುವಾಗ ಹಳೆಯ ಮೊತ್ತಕ್ಕೇ ನವೀಕರಿಸುತ್ತ ಹೋಗುವುದು ನಷ್ಟವನ್ನು ಕಟ್ಟಿಟ್ಟುಕೊಂಡಂತೆ. ಕ್ಲೇಮಿನ ತಕರಾರು ಬಗೆಹರಿಯದಿದ್ದರೆ, ಒಬ್ಬರೇ ಮಾಲೀಕರಿರುವ ಅಂಗಡಿಗಳೂ ಸೂಕ್ಷ್ಮ ಉದ್ಯಮಗಳೂ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ವಕೀಲರ ಫೀ ಇಲ್ಲ.

ಇನ್ನು ಊರಲ್ಲಿ ಯಾರಿಗೂ ಹೇಳಲು ಇಷ್ಟವಿಲ್ಲದ ಎರಡು ಸಂಗತಿ. ಮನೆಯ ಸಿಲಿಂಡರಿಗೆ ತೈಲ ಕಂಪನಿಗಳ ಅಪಘಾತ ವಿಮೆ ಇರುತ್ತದೆ ನಿಜ. ಆದರೆ ಆಸ್ತಿ ಹಾನಿಗೆ ಅದು ಅನ್ವಯವಾಗುವುದು ನೋಂದಾಯಿತ ವಿಳಾಸದಲ್ಲಿ. ಅದೇ ಕೆಂಪು ಸಿಲಿಂಡರನ್ನು ಖಾನಾವಳಿಯ ಒಲೆಗೆ ಹಚ್ಚಿದರೆ ಆ ರಕ್ಷಣೆಯ ಭರವಸೆ ಬೇಡ. ಹಾಗೆಯೇ ಬಿಳಿ ಬೋರ್ಡಿನ ಕಾರಿನಲ್ಲಿ ಅತಿಥಿಗಳನ್ನು ಬಾಡಿಗೆಗೆ ಐಹೊಳೆಗೆ ಕರೆದೊಯ್ಯುವುದು. ಅಪಘಾತವಾದರೆ ಕಾರಿನ ರಿಪೇರಿ ಖರ್ಚು ನಿರಾಕರಿಸಲು ಕಂಪನಿಗೆ ಅಷ್ಟೇ ಸಾಕು. ಗಾಯಾಳುಗಳಿಗೆ ಕೊಟ್ಟ ಪರಿಹಾರವನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂಬ ಕೋರ್ಟ್ ಆದೇಶಗಳೂ ಉಂಟು. ನಾನು ಹಳದಿ ಬೋರ್ಡಿನ ಚಾಲಕರನ್ನೇ ಕರೆಸುತ್ತೇನೆ. ಕಮಿಷನ್ ಹೋದರೆ ಹೋಗಲಿ.

ನಮ್ಮಲ್ಲಿ ರೊಟ್ಟಿ ಬಡಿಯುವ ಹೆಂಗಸರಿಗೆ, ಕೋಣೆ ಗುಡಿಸುವವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಿದ್ದೇನೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ ಕುಟುಂಬಕ್ಕೆ 2 ಲಕ್ಷ. 18ರಿಂದ 70 ವರ್ಷದವರೆಗೆ ಸೇರಬಹುದು. ರೊಕ್ಕ ಕಡಿತವಾಗುವುದು ಮೇ ಕೊನೆಗೆ, ಆಗ ಖಾತೆ ಖಾಲಿ ಇದ್ದರೆ ಜೂನ್‌ನಿಂದ ರಕ್ಷಣೆ ಇಲ್ಲ. ಅದಕ್ಕೇ ಮೇ ತಿಂಗಳ ಪಗಾರ ಕೊಡುವ ದಿನ ಎಲ್ಲರ ಪಾಸ್‌ಬುಕ್ಕನ್ನೂ ತರಿಸಿ ನೋಡುತ್ತೇನೆ.