ಗಮ್ ಬೂಟು ಹಾಕ್ಕೊಂಡು ತೋಟಕ್ಕೆ ಇಳಿಯಿರಿ

ಎರಡು ವರ್ಷದ ಹಿಂದೆ ಆಷಾಢದಲ್ಲಿ ಅಡಿಕೆ ತೋಟದ ಬಸಿಗಾಲುವೆ ಬಿಡಿಸ್ತಾ ಇದ್ದೆ, ಬರಿಗಾಲಲ್ಲಿ. ಹಿಮ್ಮಡಿಗೆ ಏನೋ ಚುಚ್ಚಿ ಸಣ್ಣ ಗಾಯ ಆಯ್ತು. ನಮ್ಮ ಮಲೆನಾಡಲ್ಲಿ ಅದನ್ನ ಯಾರು ಗಾಯ ಅಂತಾರೆ? ಹತ್ತು ದಿನ ಕಳೆದ ಮೇಲೆ ಚಳಿಜ್ವರ, ಮೀನಖಂಡದಲ್ಲಿ ಕಿತ್ತುಬರುವಂಥ ನೋವು. ಮಳೆಗಾಲದ ಜ್ವರ ಅಂದ್ಕೊಂಡು ಮೂರು ದಿನ ಪ್ಯಾರಸಿಟಮಾಲ್ ನುಂಗಿದೆ. ಕಣ್ಣು ಕೆಂಪಾದಾಗ ಆಸ್ಪತ್ರೆಗೆ ಹೋದೆ. ಡಾಕ್ಟರು ಮೊದಲು ಕೇಳಿದ್ದೇ, “ಕೆಸರು ನೀರಿಗೆ ಇಳಿದಿದ್ರಾ?” ಅಂತ. ಇಲಿ ಜ್ವರ.

ಇಲಿ ಮೂತ್ರ ಸೇರಿದ ನೀರು, ಕೆಸರಲ್ಲಿ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾ ಇರುತ್ತೆ. ಗಾಯ, ಬಿರುಕು, ನೆನೆದು ಮೆತ್ತಗಾದ ಚರ್ಮದಿಂದ ಒಳಗೆ ಹೋಗುತ್ತೆ. ಬೇಗ ಗೊತ್ತಾದ್ರೆ ಆ್ಯಂಟಿಬಯೋಟಿಕ್ಕಿಗೆ ಬಗ್ಗುತ್ತೆ, ತಡವಾದ್ರೆ ಕಿಡ್ನಿ, ಲಿವರಿಗೆ ಹೊಡೆತ. ಜ್ವರ ಬಂದ್ರೆ “ನಾನು ತೋಟದ ಕೆಲಸದವನು” ಅಂತ ಡಾಕ್ಟರಿಗೆ ನೀವೇ ಹೇಳಿ.

ಆಮೇಲೆ ಬೂಟು ತಂದೆ. “ಸಾಹೇಬ್ರು ಬಂದ್ರು” ಅಂತ ಅಪ್ಪಯ್ಯ ನಕ್ಕಿದ್ದೂ ಆಯ್ತು.

ಕೊಳ್ಳುವಾಗ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ. ದಪ್ಪ ಕಾಲುಚೀಲ ಹಾಕ್ಕೊಂಡೇ ನೋಡಿ. ಮೊಣಕಾಲ ಹತ್ತಿರದವರೆಗೆ ಬರೋದೇ ಬೇಕು. ಹಾವು ಕಚ್ಚೋದು ಹೆಚ್ಚಾಗಿ ಪಾದ, ಕಣಕಾಲಿಗೆ. ಬೂಟು ಹಾಕಿದ್ರೆ ಪೂರ್ತಿ ರಕ್ಷಣೆ ಅಂತಲ್ಲ, ಆದರೆ ಬರಿಗಾಲಿಗಿಂತ ಎಷ್ಟೋ ವಾಸಿ. ಉಂಬಳ ಮಾತ್ರ ಮೇಲಿಂದ ಹತ್ತಿ ಒಳಗೆ ಇಳಿಯುತ್ತೆ, ಅದಕ್ಕೆ ಪ್ಯಾಂಟನ್ನ ಕಾಲುಚೀಲದೊಳಗೆ ಸಿಕ್ಕಿಸಿ.

ನಾಟಿ ಗದ್ದೆಗೆ ಬೂಟು ಆಗಲ್ಲ. ಕೆಸರು ಎಳೆದು ಹಿಡಿಯುತ್ತೆ, ಕಾಲು ಬರುತ್ತೆ, ಬೂಟು ಅಲ್ಲೇ! ಅಲ್ಲಿ ಗಾಯಕ್ಕೆ ನೀರು ಹೋಗದ ಪಟ್ಟಿ ಹಾಕಿ ಇಳಿಯಿರಿ, ಮೇಲೆ ಬಂದ ಕೂಡಲೇ ಸೋಪಲ್ಲಿ ಕಾಲು ತೊಳೀರಿ.

ಇನ್ನೊಂದು ವಿಷಯ, ತೋಟಗಾರಿಕೆ ಓದಿಯೂ ನಾನು ಮರೆತಿದ್ದು. ಶುಂಠಿಯ ಹಸಿರು ಕೊಳೆ ಅಂದ್ರೆ ಬ್ಯಾಕ್ಟೀರಿಯಾ ಸೊರಗು ರೋಗ, ಮಣ್ಣಿನ ಜೊತೆ ಬೂಟಿಗೆ ಅಂಟಿಕೊಂಡು ಪಕ್ಕದ ಪಟ್ಟೆಗೆ ಹೋಗುತ್ತೆ. ರೋಗ ಇರೋ ಪಟ್ಟೆಗೆ ಕೊನೆಯಲ್ಲಿ ಹೋಗಿ. ಹೊರಗೆ ಬಂದಾಗ ಅಡಿಯ ಗೀರುಗಳಲ್ಲಿರೋ ಮಣ್ಣನ್ನ ಬ್ರಷ್ಷಲ್ಲಿ ಉಜ್ಜಿ ತೆಗೆದು, ಆಮೇಲೆ ಬ್ಲೀಚಿಂಗ್ ಪೌಡರ್ ನೀರಲ್ಲಿ ಅದ್ದಿ. ಮಣ್ಣಿದ್ದರೆ ಬ್ಲೀಚಿನ ಶಕ್ತಿ ಅದಕ್ಕೇ ಖರ್ಚಾಗುತ್ತೆ. ಕೊನೆಗೆ ಬರೀ ನೀರಲ್ಲಿ ತೊಳೀರಿ.

ರಾತ್ರಿ ಎರಡು ಗೂಟ ನೆಟ್ಟು ಬೂಟನ್ನ ತಲೆಕೆಳಗಾಗಿ ಸಿಕ್ಕಿಸಿಡಿ. ಬಿಸಿಲು, ಒಲೆ ಪಕ್ಕ ಬೇಡ, ಬಿರುಕು ಬಿಡುತ್ತೆ. ಬೆಳಿಗ್ಗೆ ಕೊಡವದೆ ಕಾಲು ಹಾಕ್ಬೇಡಿ. ನನ್ನದರಲ್ಲಿ ಒಮ್ಮೆ ಚೇಳು ಇತ್ತು.

ನಮ್ಮಲ್ಲಿ ಕೆಲಸಕ್ಕೆ ಬರೋ ಹೆಂಗಸರಿಗೆ ಅಂಗಡಿಯಲ್ಲಿ ಅಳತೆಯೇ ಸಿಗ್ತಿರಲಿಲ್ಲ. ನಾಲ್ಕು ಜೊತೆ ಒಟ್ಟಿಗೆ ಬೇಕು ಅಂದ ಮೇಲೆ ತರಿಸಿಕೊಟ್ಟರು. ತೂತಾದ್ರೆ ರಬ್ಬರ್ ಬೂಟಿಗೆ ಸೈಕಲ್ ಟ್ಯೂಬಿನ ಪ್ಯಾಚ್ ಹಿಡಿಯುತ್ತೆ, ಪಿವಿಸಿಗೆ ಅದು ನಿಲ್ಲಲ್ಲ, ಬೇರೆ ಅಂಟು ಬೇಕು.