ಅಳಿವಿನಂಚಿನ ವೃಕ್ಷಗಳು

ಕಾಡಿನಲ್ಲಿ ಮರಗಳು ಹೇರಳವಾಗಿರುವಾಗ ಎಣಿಕೆಯೇಕೆಂದು ಕೆಲವರು ಕೇಳಬಹುದು. ಮರಗಳ ಸಂಖ್ಯೆ ಬೇರೆ, ಜಾತಿಗಳ ಸಂಖ್ಯೆ ಬೇರೆಯೆಂಬುದನ್ನು ನಾವು ಮೊದಲು ತಿಳಿಯಬೇಕು.

1948ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಜೀವಜಾತಿಗಳ ಸ್ಥಿತಿಯನ್ನು ‘ಕೆಂಪು ಪಟ್ಟಿ’ಯಲ್ಲಿ ದಾಖಲಿಸುತ್ತದೆ. 2024ರ ಲೆಕ್ಕದಂತೆ, ಪರಿಶೀಲಿಸಿದ 47,282 ವೃಕ್ಷಜಾತಿಗಳಲ್ಲಿ 16,425 ಅಳಿವಿನ ಅಪಾಯಕ್ಕೊಳಗಾಗಿವೆ. ಅಂದರೆ ಮೂರರಲ್ಲಿ ಒಂದಕ್ಕಿಂತಲೂ ಹೆಚ್ಚು. ಬೇಸಾಯಕ್ಕಾಗಿ ಕಾಡು ಸವರುವುದು, ನಾಟಾ ವ್ಯಾಪಾರ, ಹೊರಗಿನಿಂದ ಬಂದ ಕೀಟರೋಗಗಳು ಇದಕ್ಕೆ ಮುಖ್ಯ ಕಾರಣಗಳು. ದ್ವೀಪಗಳಲ್ಲಿ ಅಪಾಯದ ಪ್ರಮಾಣ ಅತ್ಯಧಿಕ.

ತೋಟದಲ್ಲಿ ಬೆಳೆಸಿದರೆ ಸಾಲದೇ? ದಕ್ಷಿಣ ಆಫ್ರಿಕದ ಓಂಗೋಯೆ ಕಾಡಿನಲ್ಲಿ 1895ರಲ್ಲಿ ಜಾನ್ ಮೆಡ್ಲಿ ವುಡ್ ಎಂಬವರು ತಾಳೆಯನ್ನು ಹೋಲುವ ಸೈಕಸ್ ವರ್ಗದ ಗಿಡವೊಂದನ್ನು ಕಂಡರು. ಅದು ಗಂಡುಗಿಡ. ಇಂದು ಕಾಡಿನಲ್ಲಿ ಅದರ ಕುರುಹಿಲ್ಲ. ಸಸ್ಯೋದ್ಯಾನಗಳಲ್ಲಿರುವುವೆಲ್ಲ ಅದರ ಬುಡದ ಮರಿಗಳಿಂದಾದುವು, ಎಲ್ಲವೂ ಗಂಡು. ಹೆಣ್ಣುಗಿಡ ದೊರೆಯದ ಕಾರಣ ತನ್ನ ಜಾತಿಯ ಬೀಜವನ್ನು ಅದು ಕಟ್ಟಲಾರದು. ಗಿಡ ಬದುಕಿದೆ, ವಂಶ ನಿಂತಿದೆ.

ಆಂಧ್ರದ ಕಡಪಾ ಸೀಮೆಯ ರಕ್ತಚಂದನವೂ ಕೆಂಪು ಪಟ್ಟಿಯಲ್ಲಿದೆ. ಪೂರ್ವಘಟ್ಟದ ದಕ್ಷಿಣ ಭಾಗವೇ ಅದರ ಸಹಜ ನೆಲೆ. ಬೆಳವಣಿಗೆ ಬಹು ನಿಧಾನ. ಕೆಂಪು ತಿರುಳಿಗಾಗಿ ಕಳ್ಳಸಾಗಣೆ ನಡೆಯುತ್ತಿದೆ. ಆದರೆ ಅಲ್ಲಿ ಇನ್ನೂ ಹೂವುಂಟು, ಬೀಜವುಂಟು. ಬೀಜವಿರುವಾಗಲೇ ಕಾಡನ್ನು ಕಾಯುವುದು ನಮ್ಮೆಲ್ಲರ ಕರ್ತವ್ಯವಾಗಿದೆ.